ಮೊದಲ ಭಾಗದಲ್ಲಿ ಸರ್ಕಾರ ಬಿತ್ತು. ಎರಡನೇ ಭಾಗದ ರಾಜಕೀಯವನ್ನು ನಂಬುವಂತೆ ಕಟ್ಟುವುದು ಹೇಗೆ?

ಅಂಗಾರಕ:

ಒಂದು ಸೈನ್ಸ್ ಫಿಕ್ಷನ್ ಚಿತ್ರದ ಎರಡನೇ ಭಾಗಕ್ಕೆ ಸ್ಕ್ರಿಪ್ಟ್ ನಡೆಯುತ್ತಿದೆ. ಮೊದಲ ಭಾಗದ ಕಥೆ ಚುಟುಕಾಗಿ ಇಷ್ಟು: ಮಂಗಳ ಗ್ರಹದ ಮೇಲೆ 40,000 ಜನರ ವಸಾಹತು. ನೀರು, ಗಾಳಿ ಎರಡೂ ಭೂಮಿಯ ಒಂದು ಕಂಪನಿಯ ಕೈಯಲ್ಲಿ. ಬಾಕಿ ಕಟ್ಟದ ಬ್ಲಾಕಿಗೆ ಗಾಳಿ ಕಡಿತ. ದಂಗೆ ಏಳುತ್ತದೆ, ಕಂಪನಿಯ ಗವರ್ನರ್ ಸಾಯುತ್ತಾನೆ, ನಿಯಂತ್ರಣ ಕೇಂದ್ರ ಸ್ಫೋಟವಾಗುತ್ತದೆ, ಜನ ಕುಣಿಯುತ್ತಾರೆ. ಅಲ್ಲಿಗೆ ಶುಭಂ.

ಎರಡನೇ ಭಾಗ ನಡೆಯುವುದು 12 ವರ್ಷದ ನಂತರ. ಈಗಿನ ಡ್ರಾಫ್ಟ್‌ನಲ್ಲಿ ನಾಯಕಿ ಮತ್ತೆ ಸುರಂಗದಲ್ಲಿ ಅಡಗಿದ್ದಾಳೆ. ಕಂಪನಿಯ ಹಳೆಯ ಸೇನಾಧಿಕಾರಿ 5,000 ಸೈನಿಕರೊಂದಿಗೆ ವಾಪಸ್ ಬಂದಿದ್ದಾನೆ. ಓದಿದವರೆಲ್ಲ ಕೇಳುವುದು ಒಂದೇ ಮಾತು: ಗೆದ್ದವರು ಇವರೇ ತಾನೆ, ಮತ್ತೆ ಸುರಂಗದಲ್ಲಿ ಯಾಕಿದ್ದಾರೆ?

ಕೇಳಬೇಕಾದ್ದು ಮೂರು. ಈ 12 ವರ್ಷವನ್ನು ತುಂಬುವುದು ಹೇಗೆ? ಮೊದಲ ಭಾಗದಲ್ಲಿ ಆಡಿಬಿಟ್ಟ ಮಾತುಗಳಿಗೆ ಎರಡನೆಯದು ತಪ್ಪದಂತೆ ನೋಡಿಕೊಳ್ಳುವುದು ಹೇಗೆ? ಇದರಲ್ಲಿ ಎಷ್ಟನ್ನು ತೆರೆಯ ಮೇಲೆ ಹೇಳಬೇಕು? ಸಂಸತ್ತಿನ ಚರ್ಚೆ ತೋರಿಸಿದರೆ ಪ್ರೇಕ್ಷಕ ಆಕಳಿಸುತ್ತಾನೆ, ತೋರಿಸದಿದ್ದರೆ ತಲೆಬುಡ ಗೊತ್ತಾಗುವುದಿಲ್ಲ.


ಹಳೇ ಅಮಾತ್ಯ:

ನಿಮ್ಮ ಓದುಗರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. 2015ರ ಸ್ಟಾರ್ ವಾರ್ಸ್ ಚಿತ್ರ ಎಡವಿದ್ದೂ ಇಲ್ಲೇ. 1983ರ ಚಿತ್ರದಲ್ಲಿ ಚಕ್ರವರ್ತಿ ಸತ್ತ, ಬಂಡಾಯ ಗೆದ್ದಿತು. 2015ಕ್ಕೆ ಬಂದರೆ ಹೊಸ ಗಣರಾಜ್ಯ ಅಂತ ಒಂದಿದೆ. ಆದರೆ ಯುದ್ಧ ಮಾಡುತ್ತಿರುವುದು ಅದಲ್ಲ, ಅದರ ಹೊರಗಿರುವ ಒಂದು ಸಣ್ಣ ಪ್ರತಿರೋಧ ಪಡೆ. ಗಣರಾಜ್ಯ ತನ್ನ ಯುದ್ಧವನ್ನು ತಾನೇ ಯಾಕೆ ಮಾಡುತ್ತಿಲ್ಲ? ಆ ಪಡೆಯ ನಾಯಕಿ ಲೇಯಾ ಗಣರಾಜ್ಯದ ಸೆನೆಟ್‌ಗೆ ದೂತಳನ್ನು ಕಳಿಸುವ ದೃಶ್ಯವನ್ನು ಚಿತ್ರೀಕರಿಸಿ ಆಮೇಲೆ ತೆಗೆದುಹಾಕಿದರು. ಹಾಗಾಗಿ ಗಣರಾಜ್ಯದ ರಾಜಧಾನಿ ಬೂದಿಯಾದಾಗ ಸುಟ್ಟಿದ್ದು ಯಾವ ಊರು ಅಂತಲೇ ಎಷ್ಟೋ ಜನಕ್ಕೆ ತಿಳಿಯಲಿಲ್ಲ. ವಿವರಣೆ ಸಿಕ್ಕಿದ್ದು ಮರುವರ್ಷ ಬಂದ ಕಾದಂಬರಿಯಲ್ಲಿ. ಟಿಕೆಟ್ ಕೊಂಡು ಬಂದವನಿಗೆ ಕಾದಂಬರಿಯನ್ನೂ ಕೊಳ್ಳು ಅನ್ನುವುದು ನ್ಯಾಯವಲ್ಲ.

ಸಾಧನ ನಮ್ಮಲ್ಲೇ ಇದೆ, ಕೌಟಿಲ್ಯನ ಸಪ್ತಾಂಗ, ಅಂದರೆ ರಾಜ್ಯದ ಏಳು ಅಂಗ: ಸ್ವಾಮಿ (ಅರಸ), ಅಮಾತ್ಯ (ಅಧಿಕಾರಿಗಳು), ಜನಪದ (ನಾಡು, ಜನ), ದುರ್ಗ (ಕೋಟೆ), ಕೋಶ (ಖಜಾನೆ), ದಂಡ (ಸೇನೆ), ಮಿತ್ರ (ನೆರವಿಗೆ ಬರುವ ಹೊರಗಿನವರು). ಮೊದಲ ಭಾಗದ ಕ್ಲೈಮ್ಯಾಕ್ಸ್ ಸಾಮಾನ್ಯವಾಗಿ ಸ್ವಾಮಿಯನ್ನು ಕೊಂದು, ದುರ್ಗವನ್ನು ಉರುಳಿಸಿ ಮುಗಿಯುತ್ತದೆ. ಉಳಿದ ಐದು ಅಂಗಗಳು ಮರುದಿನ ಬೆಳಿಗ್ಗೆ ಎಲ್ಲಿದ್ದವು? ಪ್ರತಿಯೊಂದಕ್ಕೂ ಎರಡು ಸಾಲು ಬರೆಯಿರಿ, ಒಂದು ಮರುದಿನಕ್ಕೆ, ಒಂದು 12 ವರ್ಷದ ನಂತರಕ್ಕೆ. ಎರಡೂ ಸಾಲಿನಲ್ಲಿ ಒಂದೇ ಉತ್ತರ ಬಂದರೆ ಆ ಅಂಗದ ಬಗ್ಗೆ ನೀವಿನ್ನೂ ಯೋಚಿಸಿಲ್ಲ ಎಂದರ್ಥ.

ನಿಮ್ಮ ಕಥೆಗೆ ಹಚ್ಚಿ ನೋಡೋಣ. ಬಾಹ್ಯಾಕಾಶ ಯೋಜನೆಗಳ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು. 40,000 ಜನಕ್ಕೆ ದಿನಕ್ಕೆ 33–34 ಟನ್ ಆಯಿತು. ನಿಯಂತ್ರಣ ಕೇಂದ್ರ ಸ್ಫೋಟವಾದ ರಾತ್ರಿ ಜನ ಕುಣಿದರಲ್ಲ, ಅವರು ಉಸಿರಾಡಿದ ಗಾಳಿಯನ್ನು ನಡೆಸಿದವರು ಯಾರು? ಕವಾಟಗಳು ಗೊತ್ತಿದ್ದ ಕಂಪನಿಯ ತಂತ್ರಜ್ಞರೇ. ಅವರೇ ನಿಮ್ಮ ಅಮಾತ್ಯರು. ಗವರ್ನರ್ ಇಲ್ಲದೆ ವಸಾಹತು 12 ವರ್ಷ ಬದುಕಬಲ್ಲದು, ಅವರಿಲ್ಲದೆ 12 ಗಂಟೆಯೂ ಕಷ್ಟ. ಹೊಸ ಸರ್ಕಾರ ಅವರೊಂದಿಗೆ ಆ ರಾತ್ರಿಯೇ ಒಂದು ಒಪ್ಪಂದ ಮಾಡಿಕೊಂಡಿರಲೇಬೇಕು. ಕ್ಷಮಾದಾನವೋ, ಸಂಬಳವೋ, ವಸತಿಯೋ, ಮಕ್ಕಳಿಗೆ ಅದೇ ಕೆಲಸದ ಹಕ್ಕೋ, ಏನೋ ಒಂದು. ನಿಮ್ಮ ಎರಡನೇ ಭಾಗದ ಅರ್ಧ ರಾಜಕೀಯ ಆ ಒಪ್ಪಂದದೊಳಗಿದೆ.

ದಂಡ: ಕಂಪನಿಯ ಕಾವಲುಗಾರರ ಗತಿ ಏನಾಯಿತು? ಎಲ್ಲರನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಇರಾಕ್ ಇದೆ. 2003ರ ಮೇ 16ರಂದು ಅಮೆರಿಕ ನೇತೃತ್ವದ ಆಕ್ರಮಣಕಾರಿ ಆಡಳಿತದ ಮೊದಲ ಆದೇಶ ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲ್ದರ್ಜೆಯ ಸದಸ್ಯರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಿತು. ಮೇ 23ರ ಎರಡನೇ ಆದೇಶ ಸೇನೆಯನ್ನೇ ವಿಸರ್ಜಿಸಿತು. ಒಂದೇ ವಾರದಲ್ಲಿ ಕಡತ ಬಲ್ಲವರೂ ಬಂದೂಕು ಬಲ್ಲವರೂ ಬೀದಿಗೆ ಬಿದ್ದರು, ಮುಂದೆ ದಂಗೆಗೆ ಜನ ಸಿಕ್ಕಿದ್ದು ಅಲ್ಲಿಂದಲೂ. ಹಳೆಯ ಸೇನಾಧಿಕಾರಿಯೇ ಬೇಕು ಎಂದಿದ್ದರೆ ಅವನು ಹುಟ್ಟಬೇಕಾದ್ದು ಇಂಥ ತಪ್ಪಿನಿಂದ. ಆಗ ಅವನ ಸಿಟ್ಟಿಗೆ ಕಾರಣ ಇರುತ್ತದೆ, ಅವನ ಹಿಂದಿರುವವರಿಗೂ.

ಕೋಶ: ಕಂಪನಿ ಬಾಕಿ ವಸೂಲಿ ಮಾಡುತ್ತಿತ್ತು. ಈಗ ಬಿಲ್ ಯಾರು ಕಳಿಸುತ್ತಾರೆ? "ಗಾಳಿ ಉಚಿತ" ಎಂದು ನಾಯಕಿ ಘೋಷಿಸಿದ್ದರೆ ಫಿಲ್ಟರ್ ಬದಲಿಸಲು ದುಡ್ಡೆಲ್ಲಿಂದ? ಗೆಲುವಿಗೆ ಬೆಲೆ ಕಟ್ಟಿ ತೋರಿಸಿದ್ದರಲ್ಲಿ 2021ರ ನಾಲ್ಕನೇ ಮೇಟ್ರಿಕ್ಸ್ ಚಿತ್ರ ಮೆಚ್ಚಬೇಕಾದ್ದು. ಹಿಂದಿನ ಭಾಗದ ಸಂಧಾನದಿಂದ, ಯಂತ್ರಗಳು ವಿದ್ಯುತ್ತಿಗಾಗಿ ಬಂಧಿಸಿಟ್ಟಿದ್ದ ಮನುಷ್ಯರು ಬಿಡುಗಡೆಯಾದರು, ಅದರಿಂದ ಯಂತ್ರಗಳಿಗೆ ವಿದ್ಯುತ್ ಕೊರತೆಯಾಯಿತು, ಕೊರತೆಯಿಂದ ಯಂತ್ರಗಳೊಳಗೇ ಅಂತರ್ಯುದ್ಧ ಹತ್ತಿತು. ಚಿತ್ರದ ಬಗ್ಗೆ ತಕರಾರು ನೂರಿರಬಹುದು, ಈ ಸರಪಳಿ ಮಾತ್ರ ಗಟ್ಟಿ. ಇದಕ್ಕೆ ತದ್ವಿರುದ್ಧ 2019ರ ಸ್ಟಾರ್ ವಾರ್ಸ್. ಅಷ್ಟು ದೊಡ್ಡ ಗುಪ್ತ ನೌಕಾಪಡೆಗೆ ದುಡ್ಡು ಎಲ್ಲಿಂದ ಬಂತು, ಅದರ ಸಿಬ್ಬಂದಿಗೆ ಯಾರು ಉಣ್ಣಿಸಿದರು ಅನ್ನುವುದಕ್ಕೆ ಚಿತ್ರದೊಳಗೆ ನೆಟ್ಟಗೆ ಉತ್ತರವಿಲ್ಲ. ಕೋಶವಿಲ್ಲದ ದಂಡ.

ಅವತಾರ್‌ನದು ಮಧ್ಯದ ದಾರಿ. 2009ರಲ್ಲಿ ಮನುಷ್ಯರು ಪಂಡೋರಾಕ್ಕೆ ಬಂದದ್ದು ಕಿಲೋಗೆ ಎರಡು ಕೋಟಿ ಬೆಲೆಯ ಅದಿರಿಗೆ. 2022ರಲ್ಲಿ ಗುರಿ ನೆಲೆಯೂರುವುದಕ್ಕೆ ಬದಲಾಗಿದೆ, ಖರ್ಚು ಹೊರುವುದು ಸಮುದ್ರಜೀವಿಯ ಮೆದುಳಿನ ರಸ. ಹೊಸ ಆದಾಯ ತೋರಿಸಿದರು, ಒಳ್ಳೆಯದೇ. ಹಳೆಯ ಅದಿರಿನ ಬೇಡಿಕೆ ಏನಾಯಿತು ಎಂದು ಒಂದು ಸಾಲು ಹೇಳಿದ್ದರೆ ಗಂಟು ಬಿಚ್ಚಿಹೋಗುತ್ತಿತ್ತು.


ಕೆಂಪುಧೂಳು:

ಮೇಲಿನವರು ಮಿತ್ರದ ಬಗ್ಗೆ ಬರೆಯಲಿಲ್ಲ. ನಿಮ್ಮ ಕಥೆಯಲ್ಲಿ ಅದರ ಉತ್ತರ ಕೊಡುವುದು ಆಕಾಶದ ಲೆಕ್ಕ, ಅದನ್ನು ಮೊದಲು ಹಾಕಿಕೊಳ್ಳಿ.

ಭೂಮಿಯಿಂದ ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೊರಡುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ. ಪ್ರಯಾಣ 6ರಿಂದ 9 ತಿಂಗಳು. 12 ವರ್ಷ ಎಂದರೆ 144 ತಿಂಗಳು, ಹೆಚ್ಚೆಂದರೆ ಐದಾರು ಸಲ ಬಾಗಿಲು ತೆರೆದಿದೆ. ನಿಮ್ಮ ಇತಿಹಾಸವನ್ನು ವರ್ಷಗಳಲ್ಲಿ ಬರೆಯಬೇಡಿ, ಈ ಬಾಗಿಲುಗಳಲ್ಲಿ ಬರೆಯಿರಿ. ಒಂದನೆಯದರಲ್ಲಿ ಕಂಪನಿ ಏನು ಕಳಿಸಿತು, ಎರಡನೆಯದರಲ್ಲಿ ದಿಗ್ಬಂಧನವೋ ಸಂಧಾನವೋ, ಮೂರನೆಯದರಲ್ಲಿ ಬಿಡಿಭಾಗ ಬಂತೋ ಇಲ್ಲವೋ. ಐದು ಸಾಲಿನಲ್ಲಿ 12 ವರ್ಷ ಮುಗಿಯುತ್ತದೆ.

5,000 ಸೈನಿಕರು ಬೇಡವೇ ಬೇಡ. ದಂಗೆ ಹತ್ತಿಕ್ಕಲು ಸಾವಿರ ನಿವಾಸಿಗಳಿಗೆ 20 ಮಂದಿ ಎಂಬ ಸ್ಥೂಲ ಅಳತೆಯನ್ನು ಅಮೆರಿಕದ ಸೇನೆಯ 2006ರ ಕೈಪಿಡಿ ಕೊಟ್ಟಿದೆ. ಅದನ್ನೇ ಹಿಡಿದರೆ 40,000ಕ್ಕೆ 800 ಸಾಕು. 5,000 ಮಂದಿ ಎಂದರೆ ದಿನಕ್ಕೆ ಇನ್ನೂ 4.2 ಟನ್ ಆಮ್ಲಜನಕ, ಇಡೀ ವಸಾಹತಿನ ಉತ್ಪಾದನೆಯ ಎಂಟನೇ ಒಂದು ಪಾಲು. ಬಂದವರು ಗುಂಡು ಹಾರಿಸುವ ಮೊದಲೇ ಗಾಳಿಗೆ ಕೈಚಾಚಬೇಕು. ಇದನ್ನೇ ಸೀನ್ ಮಾಡಿ ಬೇಕಾದರೆ: ಮುತ್ತಿಗೆ ಹಾಕಲು ಬಂದ ಪಡೆ, ಮುತ್ತಿಗೆಗೊಳಗಾದವರ ಕವಾಟಕ್ಕೆ ಕಟ್ಟುಬಿದ್ದಿದೆ.

ಸಂಪರ್ಕದ ವಿಳಂಬ ಒಂದು ದಿಕ್ಕಿಗೆ 3ರಿಂದ 22 ನಿಮಿಷ. ಭೂಮಿಯ ಮುಖ್ಯ ಕಚೇರಿ ಮತ್ತು ಮಂಗಳದ ಮುಖಂಡರು ವಿಡಿಯೊದಲ್ಲಿ ಎದುರುಬದುರು ಜಗಳವಾಡುವ ದೃಶ್ಯ ಇದ್ದರೆ ಕಿತ್ತುಹಾಕಿ. ಅದರ ಬದಲಿಗೆ, ಆದೇಶ ಬರುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುವ ದೃಶ್ಯ ಬರೆಯಿರಿ. ಸ್ಥಳೀಯ ಅಧಿಕಾರಿಗೆ ತಾನೇ ನಿರ್ಧರಿಸುವ ಅಧಿಕಾರ ಎಷ್ಟು ಕೊಟ್ಟಿದ್ದಾರೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನೊಂದು, ಇದು ಕಥೆಗಾರರು ಹೆಚ್ಚಾಗಿ ಬಳಸದ ಸಂಗತಿ. 26 ತಿಂಗಳಿಗೊಮ್ಮೆ ಸೂರ್ಯ ಎರಡು ಗ್ರಹಗಳ ನಡುವೆ ಬರುತ್ತಾನೆ. ಆಗ ಸುಮಾರು ಎರಡು ವಾರ ಮಂಗಳದ ನೌಕೆಗಳಿಗೆ ಭೂಮಿಯಿಂದ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಆ ಹೊತ್ತಿಗೆ ಮುಂದಿನ ಉಡಾವಣೆಗೆ ಇನ್ನೂ 9–11 ತಿಂಗಳಿರುತ್ತದೆ, ಪ್ರಯಾಣದ 7 ತಿಂಗಳು ಬೇರೆ. ಆ ಮೌನದಲ್ಲಿ ಕ್ಷಿಪ್ರಕ್ರಾಂತಿ ನಡೆದರೆ ಭೂಮಿಯಿಂದ ಒಬ್ಬನೇ ಒಬ್ಬ ಬಂದಿಳಿಯಲು ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ಸಂಚು ಮಾಡುವವರು ಕ್ಯಾಲೆಂಡರ್ ನೋಡುತ್ತಾರೆ. ಒಂದೇ ಎಚ್ಚರಿಕೆ: ಸೂರ್ಯನ ಬದಿಯಿಂದ ಸುತ್ತಿಸಿ ಸಂಕೇತ ರವಾನಿಸುವ ಉಪಗ್ರಹ ಇದ್ದರೆ ಈ ಮೌನವೇ ಇರುವುದಿಲ್ಲ. ಅದು ಇಲ್ಲ ಎಂದಾದರೂ, ಕೆಟ್ಟಿದೆ ಎಂದಾದರೂ ಒಂದು ಮಾತು ಹಾಕಿ.


ಪಟ್ಟಿಪುಸ್ತಕ:

ನಿಮ್ಮ ಎರಡನೇ ಪ್ರಶ್ನೆಗೆ. ಮೊದಲ ಭಾಗದ ಸ್ಕ್ರಿಪ್ಟ್ ನೋಡಬೇಡಿ, ಬಿಡುಗಡೆಯಾದ ಪ್ರತಿಯನ್ನು ನೋಡಿ. ಎಡಿಟಿಂಗ್‌ನಲ್ಲಿ ಹೋದದ್ದು ಪ್ರೇಕ್ಷಕನ ಪಾಲಿಗೆ ನಡೆದೇ ಇಲ್ಲ. ರಾಜಕೀಯಕ್ಕೆ ತಾಗುವ ಪ್ರತಿ ಮಾತನ್ನೂ ಪ್ರತಿ ಫಲಕವನ್ನೂ ಸ್ಪ್ರೆಡ್‌ಶೀಟ್‌ಗೆ ಇಳಿಸಿ. ಕಾಲಂಗಳು: ಚಿತ್ರದ ಎಷ್ಟನೇ ನಿಮಿಷ, ಹೇಳಿದ್ದು ಯಾರು, ಕೇಳಿಸಿಕೊಂಡದ್ದು ಯಾರು, ಹೇಳಿದವನಿಗೆ ಸುಳ್ಳಾಡುವ ಲಾಭ ಇತ್ತೇ, ಕಣ್ಣಿಗೆ ಕಂಡ ಪುರಾವೆ ಇದೆಯೇ, ಎರಡನೇ ಭಾಗದಲ್ಲಿ ಏನಾಗಿದೆ.

ನಾಲ್ಕನೇ ಕಾಲಂ ನಿಮ್ಮನ್ನು ಕಾಪಾಡುತ್ತದೆ. ಕಣ್ಣಿಗೆ ಕಂಡದ್ದನ್ನು ಬದಲಿಸಿದರೆ ಮೋಸ. ಪಾತ್ರವೊಂದು ಹೇಳಿದ್ದನ್ನು ಬದಲಿಸಬಹುದು, ಆದರೆ ಅವನು ಯಾಕೆ ಹಾಗೆ ಹೇಳಿದ ಎಂಬುದು ಅವನ ಸ್ವಭಾವಕ್ಕೆ ಹೊಂದಬೇಕು. ಗವರ್ನರ್ "ಮೀಸಲು ಗಾಳಿ ಮೂರು ದಿನಕ್ಕಷ್ಟೇ ಇದೆ" ಅಂದಿದ್ದರೆ ಅದು ಜನರನ್ನು ಹೆದರಿಸಲು ಆಡಿದ್ದಾಗಿರಬಹುದು. ಹೊಸ ಕಥೆಗೆ ಜಾಗ ಸಿಗುವುದು ಇಂಥ ಮಾತುಗಳಲ್ಲಿ.

ಚಿತ್ರದ ಹೊರಗಿನ ಸಾಮಗ್ರಿ, ಅಂದರೆ ಕಾಮಿಕ್ಸ್, ಗೇಮ್, ವೆಬ್ ಕಿರುಚಿತ್ರ ಇವುಗಳ ಸ್ಥಾನ ಏನು ಎಂದು ಮೊದಲೇ ಬರೆದಿಡಿ. ಸ್ಟಾರ್ ವಾರ್ಸ್ ತಯಾರಿಸುವ ಲ್ಯೂಕಾಸ್‌ಫಿಲ್ಮ್ 2014ರ ಏಪ್ರಿಲ್‌ನಲ್ಲಿ ದಶಕಗಳ ಕಾದಂಬರಿ, ಕಾಮಿಕ್ಸ್‌ಗಳನ್ನೆಲ್ಲ ಅಧಿಕೃತ ಕಥೆಯಿಂದ ಹೊರಗಿಟ್ಟು ಬೇರೆ ಹೆಸರು ಕೊಟ್ಟಿತು. ಓದುಗರಿಗೆ ನೋವಾಯಿತು, ಆದರೆ ಮುಂದೆ ಬರೆಯುವವರಿಗೆ ಗೆರೆ ಸ್ಪಷ್ಟವಾಯಿತು.

ಹಳೆಯದು ಈಗಿನ ವಾಸ್ತವಕ್ಕೆ ಹೊಂದದಿದ್ದರೂ ತಿದ್ದುವುದಕ್ಕೆ ಆತುರ ಬೇಡ. 1982ರ ಬ್ಲೇಡ್ ರನ್ನರ್ ನಡೆಯುವುದು 2019ರಲ್ಲಿ. 2017ರಲ್ಲಿ ಎರಡನೇ ಭಾಗ ಬರುವ ಹೊತ್ತಿಗೆ ಸೋವಿಯತ್ ಒಕ್ಕೂಟವೂ ಇರಲಿಲ್ಲ, ಪ್ಯಾನ್ ಆಮ್ ವಿಮಾನ ಸಂಸ್ಥೆಯೂ ಇರಲಿಲ್ಲ. ಆದರೂ ಆ ಚಿತ್ರದಲ್ಲಿ ಎರಡರ ಗುರುತುಗಳೂ ಕಾಣುತ್ತವೆ. ನಮ್ಮ ಭವಿಷ್ಯವನ್ನಲ್ಲ, ಆ ಮೊದಲ ಚಿತ್ರದ ಭವಿಷ್ಯವನ್ನು ಮುಂದುವರಿಸಿದರು. ನಡುವಿನ 30 ವರ್ಷಕ್ಕೆ ಅವರು ಬಳಸಿದ್ದು ನಾಲ್ಕೈದು ಘಟನೆಗಳನ್ನಷ್ಟೇ: 2022ರಲ್ಲಿ ಡಿಜಿಟಲ್ ದಾಖಲೆ ಅಳಿಸಿದ ಕತ್ತಲು, ಕೃತಕ ಮನುಷ್ಯರ ತಯಾರಿಕೆಗೆ ನಿಷೇಧ, ಅವರನ್ನು ತಯಾರಿಸುತ್ತಿದ್ದ ಟೈರೆಲ್ ಕಂಪನಿಯ ದಿವಾಳಿ, ಕೃತಕ ಕೃಷಿಯಿಂದ ಬರಗಾಲ ತಪ್ಪಿಸಿದ ಉದ್ಯಮಿ ಆ ಕಂಪನಿಯನ್ನು ಕೊಂಡದ್ದು. ಕತ್ತಲು ಇತಿಹಾಸದ ಅಲಂಕಾರವಾಗಿ ಉಳಿಯಲಿಲ್ಲ. ದಾಖಲೆ ಇಲ್ಲದ್ದರಿಂದಲೇ ನಾಯಕನ ಹುಡುಕಾಟ ಕಷ್ಟವಾಗುತ್ತದೆ. ನಿಮ್ಮ ನಡುವಿನ ಘಟನೆಗಳಲ್ಲಿ ಕಥೆಗೆ ಅಡ್ಡಗಾಲು ಹಾಕದ್ದನ್ನೆಲ್ಲ ಬಿಟ್ಟುಬಿಡಿ.

ಇನ್ನೆರಡು ಹಾಳೆ ಬೇಕು. ಒಂದು, ಯಾರು ಯಾರನ್ನು ಕಳೆದುಕೊಂಡರು. 1984ರ ಸ್ಟಾರ್ ಟ್ರೆಕ್ ಚಿತ್ರದಲ್ಲಿ ಶತ್ರು ಜನಾಂಗವಾದ ಕ್ಲಿಂಗನ್ನರು ನಾಯಕ ಕರ್ಕ್‌ನ ಮಗನನ್ನು ಕೊಲ್ಲುತ್ತಾರೆ. 1991ರಲ್ಲಿ ಅದೇ ಕ್ಲಿಂಗನ್ನರೊಂದಿಗೆ ಶಾಂತಿ ಮಾತುಕತೆಗೆ ಅವನನ್ನೇ ಕಳಿಸುತ್ತಾರೆ, ಎರಡು ಚಿತ್ರ ದಾಟಿ ಬಂದ ಆ ದ್ವೇಷವೇ ರಾಜತಾಂತ್ರಿಕ ಸಮಸ್ಯೆಯಾಗುತ್ತದೆ. ಇನ್ನೊಂದು, ಘೋಷಣೆಗಳ ಹಾಳೆ. 2014ರ ಪ್ಲಾನೆಟ್ ಆಫ್ ದಿ ಏಪ್ಸ್ ಸರಣಿಯ ವಾನರ ಚಿತ್ರದಲ್ಲಿ ವಾನರ ವಾನರನನ್ನು ಕೊಲ್ಲಬಾರದು ಎಂಬ ನಿಯಮವಿದೆ. ವಾನರರ ನಾಯಕ ಸೀಸರ್ ಅದನ್ನು ಮುರಿಯುವ ಮೊದಲು ಎದುರಾಳಿಗೆ "ನೀನು ವಾನರನೇ ಅಲ್ಲ" ಅನ್ನುತ್ತಾನೆ. 2024ರ ಭಾಗದಲ್ಲಿ, ಎಷ್ಟೋ ತಲೆಮಾರುಗಳ ನಂತರ, ಇನ್ನೊಬ್ಬ ಸೀಸರನ ಹೆಸರನ್ನೇ ಇಟ್ಟುಕೊಂಡು ಅವನ ಮಾತುಗಳಿಂದ ದಬ್ಬಾಳಿಕೆ ನಡೆಸುತ್ತಾನೆ. ನಿಮ್ಮ ನಾಯಕಿ ಮೊದಲ ಭಾಗದ ಕೊನೆಯಲ್ಲಿ ಭಾಷಣ ಮಾಡಿದ್ದರೆ ಅದು ಈಗ ಪಠ್ಯಪುಸ್ತಕದಲ್ಲಿ ಹೇಗಿದೆ, ಗೋಡೆಯ ಮೇಲೆ ಹೇಗಿದೆ, ದಂಡಸಂಹಿತೆಯಲ್ಲಿ ಹೇಗಿದೆ, ಮೂರನ್ನೂ ಬರೆಯಿರಿ. ಮೂರೂ ಬೇರೆ ಬೇರೆ ಇರಬೇಕು.

ಕಾಲಗಣನೆಯಲ್ಲಿ ಜಾರಬೇಡಿ. ಮಂಗಳದ ವರ್ಷ ಭೂಮಿಯ 687 ದಿನ, ನಿಮ್ಮ 12 ವರ್ಷ ಅಲ್ಲಿ 6.4 ವರ್ಷ. ಒಂದು ಪಾತ್ರ "ಆರು ವರ್ಷ ಆಯ್ತು", ಇನ್ನೊಂದು "ಹನ್ನೆರಡು ವರ್ಷ ಆಯ್ತು" ಅಂದರೆ ಅದು ತಪ್ಪಾಗಿ ಕಾಣುತ್ತದೆ. ಬೇಕೆಂದೇ ಮಾಡಿದರೆ ಮಾತ್ರ ಚೆನ್ನ: ಕಂಪನಿಯ ಪರ ಇರುವವರು ಭೂಮಿಯ ವರ್ಷ ಎಣಿಸುತ್ತಾರೆ, ಉಳಿದವರು ಮಂಗಳದ್ದು.


ಕತ್ತರಿ:

ಮೇಲಿನ ಎಲ್ಲವನ್ನೂ ಮಾಡಿ, ಆಮೇಲೆ ಹತ್ತರಲ್ಲಿ ಒಂಬತ್ತನ್ನು ತೆರೆಯಿಂದ ದೂರ ಇಡಿ. ಸಪ್ತಾಂಗದ ಒಂದೊಂದು ಅಂಗಕ್ಕೂ ಒಂದೊಂದು ಸೀನ್ ಬರೆಯುತ್ತಾ ಕೂತರೆ ಅದು ಆಡಳಿತ ವರದಿಯಾಗುತ್ತದೆ. ಹಳೇ ಅಮಾತ್ಯರು ಬೇಸರಿಸಬಾರದು.

ರಾಜಕೀಯ ತೆರೆಯ ಮೇಲೆ ಕೂರುವುದು ಯಾರಿಗಾದರೂ ತಕ್ಷಣದ ನಷ್ಟ ಇರುವಾಗ. 1986ರ ಏಲಿಯನ್ಸ್‌ನ ವಿಚಾರಣೆ ದೃಶ್ಯ ನೋಡಿ. 57 ವರ್ಷ ನಿದ್ರೆಯಲ್ಲಿದ್ದು ಬಂದ ನಾಯಕಿ ರಿಪ್ಲಿಯನ್ನು ಮೇಜಿನ ಸುತ್ತ ಕೂತವರು ಕೇಳುವುದು ದೈತ್ಯನ ಬಗ್ಗೆಯಲ್ಲ, 4.2 ಕೋಟಿ ಡಾಲರ್‌ನ ಹಡಗು ಸ್ಫೋಟಿಸಿದ್ದರ ಬಗ್ಗೆ. ಅವಳ ಲೈಸೆನ್ಸ್ ಅಮಾನತಾಗುತ್ತದೆ, ಆ ಗ್ರಹದಲ್ಲಿ 60–70 ಕುಟುಂಬಗಳು ಆಗಲೇ ನೆಲೆಸಿವೆ ಎಂದು ತಿಳಿಯುತ್ತದೆ. ಕೆಲವೇ ನಿಮಿಷದಲ್ಲಿ ಕಂಪನಿ, ವಸಾಹತು, ಹಣದ ಲೆಕ್ಕ ಎಲ್ಲ ನಮ್ಮ ತಲೆಗೆ ಬಂತು, ಒಬ್ಬರೂ ಪಾಠ ಹೇಳಲಿಲ್ಲ.

ಇನ್ನೂ ಚಿಕ್ಕದು ಬೇಕಾದರೆ 2021ರ ಡ್ಯೂನ್. ಚಕ್ರವರ್ತಿಯ ದೂತರು ಒಂದು ಮುದ್ರೆ ಒತ್ತಿಸಿಕೊಳ್ಳಲು ಬಂದಿಳಿಯುತ್ತಾರೆ. ಈ ಔಪಚಾರಿಕತೆಗೆ ಎಷ್ಟು ಖರ್ಚಾಯಿತು ಎಂದು ಡ್ಯೂಕ್ ಕೇಳುತ್ತಾನೆ, ಸಲಹೆಗಾರ ಕಣ್ಣು ಮೇಲೆ ಮಾಡಿ ಲೆಕ್ಕ ಹಾಕಿ ಹೋಗಿಬರುವ ಖರ್ಚು 14 ಲಕ್ಷ 60 ಸಾವಿರದ ಚಿಲ್ಲರೆ ಸೊಲಾರಿ ಅನ್ನುತ್ತಾನೆ. ಸಾರಿಗೆ ಬೇರೊಬ್ಬರ ಕೈಯಲ್ಲಿದೆ, ಅದು ದುಬಾರಿ, ಅಷ್ಟು ಖರ್ಚು ಮಾಡಿ ತೋರಿಸುವುದೇ ಅಧಿಕಾರ: ಮೂರೂ ಒಂದೇ ಸಾಲಿನಲ್ಲಿ ಬಂತು. ಆದರೆ 2024ರ ಎರಡನೇ ಭಾಗದಲ್ಲಿ ಆ ಸಾರಿಗೆಯ ಗಿಲ್ಡ್ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕೊನೆಯಲ್ಲಿ ಮಹಾಮನೆತನಗಳ ಹಡಗುಗಳು ಬಂದು ನಿಂತಾಗ ಅವನ್ನು ಹೊತ್ತು ತಂದವರು ಯಾರ ಕಡೆ ಎಂಬ ಪ್ರಶ್ನೆ ಗಾಳಿಯಲ್ಲೇ ಉಳಿಯುತ್ತದೆ. ಒಂದನೇ ಭಾಗದಲ್ಲಿ ಬೆಲೆ ಹೇಳಿದ ವಸ್ತುವನ್ನು ಎರಡನೆಯದರಲ್ಲಿ ಮರೆಯಬೇಡಿ.

ಒಂದು ಸಾಲು ಮುಂದೆ ಎಷ್ಟು ಕಟ್ಟಿಹಾಕುತ್ತದೆ ಎಂಬುದಕ್ಕೆ: 1977ರ ಸ್ಟಾರ್ ವಾರ್ಸ್‌ನಲ್ಲಿ ಸೆನೆಟ್ ವಿಸರ್ಜನೆಯಾಯಿತು ಎಂದು ಸಾಮ್ರಾಜ್ಯದ ಗವರ್ನರ್ ಟಾರ್ಕಿನ್ ಹೇಳುತ್ತಾನೆ. ಅಧಿಕಾರಶಾಹಿ ಇಲ್ಲದೆ ಹಿಡಿತ ಹೇಗೆ ಎಂದು ಮೇಜಿನಲ್ಲಿದ್ದವನೊಬ್ಬ ಕೇಳುತ್ತಾನೆ, ಪ್ರಾಂತೀಯ ಗವರ್ನರ್‌ಗಳು ಮತ್ತು ಭಯ ಎಂದು ಉತ್ತರ. ಆ ಸಾಲು ಇದ್ದದ್ದರಿಂದ 2005ರ ಪೂರ್ವಕಥೆಯಲ್ಲಿ ಸಾಮ್ರಾಜ್ಯ ಘೋಷಣೆಯಾದರೂ ಸೆನೆಟ್ ಉಳಿಯಲೇಬೇಕಾಯಿತು. ಅದೇ ಹೆಚ್ಚು ನಂಬುವಂತಿದೆ. ಆಗಸ್ಟಸ್ ರೋಮಿನ ಸೆನೆಟ್ಟನ್ನು ಮುಚ್ಚಲಿಲ್ಲ. 1933ರ ಮಾರ್ಚ್ 23ರಂದು ಜರ್ಮನಿಯ ಸಂಸತ್ತು ರೈಖ್‌ಸ್ಟಾಗ್ 444–94 ಮತಗಳಿಂದ ತನ್ನ ಅಧಿಕಾರ ಬಿಟ್ಟುಕೊಟ್ಟಿತು, ಆದರೆ ಕಟ್ಟಳೆಗೆ ಅದೂ ಉಳಿಯಿತು. ನಿಮ್ಮ ವಸಾಹತಿನಲ್ಲೂ ದಂಗೆಯ ದಿನ ಹುಟ್ಟಿದ ಜನಸಭೆ ಈಗಲೂ ಪ್ರತಿ ವಾರ ಸೇರುತ್ತಿರಲಿ, ಏನನ್ನೂ ನಿರ್ಧರಿಸದೆ.

ಉಳಿದದ್ದನ್ನು ಕಲಾ ವಿಭಾಗಕ್ಕೆ ಕೊಡಿ. ಕಾವಲುಗಾರರ ಹಳೆಯ ಸಮವಸ್ತ್ರಕ್ಕೆ ಬೇರೆ ಬಣ್ಣ ಹಾಕಿ, ಬ್ಯಾಡ್ಜ್ ಕಿತ್ತ ಜಾಗದಲ್ಲಿ ಮಾಸದ ಚೌಕ ಉಳಿಸಿ. 1923ರಲ್ಲಿ ಜರ್ಮನಿ ಸಾವಿರ ಮಾರ್ಕಿನ ನೋಟಿನ ಮೇಲೆ ಕೆಂಪಕ್ಷರದಲ್ಲಿ ನೂರು ಕೋಟಿ ಎಂದು ಮುದ್ರೆ ಒತ್ತಿ ಚಲಾಯಿಸಿತು. ಹಾಗೆಯೇ ಕಂಪನಿಯ ಗಾಳಿ ಕಾರ್ಡಿನ ಮೇಲೆ ಹೊಸ ಸರ್ಕಾರದ ಮುದ್ರೆ ಒತ್ತಿ. ಖರ್ಚು ಕಡಿಮೆ, ಒಂದು ಕ್ಲೋಸಪ್ ಸಾಕು.


ಅಂಗಾರಕ:

ಎಲ್ಲರಿಗೂ ಧನ್ಯವಾದ. ಕವಾಟದವರನ್ನೇ ಹೊಸ ಆಳುವ ವರ್ಗ ಮಾಡಿದರೆ ಸುರಂಗ ಬಿಟ್ಟುಹೋಗುತ್ತದೆ. ಆದರೆ ನಿರ್ಮಾಪಕರಿಗೆ ನಾಯಕಿ ತಲೆಮರೆಸಿಕೊಂಡೇ ಇರಬೇಕು, ಹಳೆಯ ಸೇನಾಧಿಕಾರಿಯೂ ಬೇಕು. ಎರಡೂ ಇಟ್ಟುಕೊಳ್ಳಲು ದಾರಿ ಇದೆಯೇ?


ಹಳೇ ಅಮಾತ್ಯ:

ಇದೆ. ಅವಳು ಅಡಗಿರುವುದು ಕಂಪನಿಯಿಂದಲ್ಲ, ತಾನೇ ಸಹಿ ಹಾಕಿದ ಒಪ್ಪಂದದಿಂದ. ಆ ರಾತ್ರಿ ಗಾಳಿ ನಿಲ್ಲಬಾರದೆಂದು ಅವಳು ಕವಾಟದವರಿಗೆ ಕೊಟ್ಟ ಮಾತಿನಲ್ಲಿ ಒಂದು ಷರತ್ತಿತ್ತು, ಬಾಕಿ ಉಳಿಸಿಕೊಂಡ ಬ್ಲಾಕಿಗೆ ಗಾಳಿ ಕಡಿಯುವ ಹಕ್ಕು ಅವರಲ್ಲೇ ಇರುತ್ತದೆ ಎಂದು. ಐದನೇ ಬಾಗಿಲಿನಲ್ಲಿ ಬಿಡಿಭಾಗ ಬರಲಿಲ್ಲ, ಉತ್ಪಾದನೆ 34 ಟನ್‌ನಿಂದ 30ಕ್ಕೆ ಇಳಿಯಿತು. ಅಂದರೆ 4,000 ಚಿಲ್ಲರೆ ಜನರ ಗಾಳಿ ಕಮ್ಮಿಯಾಯಿತು. ಅವರು ಷರತ್ತನ್ನು ಬಳಸಿದರು, ಅವಳು ಕಡಿದ ಬ್ಲಾಕಿನ ಬೀಗ ಒಡೆದಳು. ಈಗ ಅವಳು ತನ್ನದೇ ಸರ್ಕಾರದ ಕಾನೂನಿನಡಿ ಅಪರಾಧಿ, ಆ ಕಾನೂನಿನ ಕೆಳಗೆ ಸಹಿ ಅವಳದ್ದೇ.

ಸೇನಾಧಿಕಾರಿಯನ್ನು ಭೂಮಿಯಿಂದ ತರಬೇಡಿ, ಅವನು ಎಲ್ಲೂ ಹೋಗಿರಲಿಲ್ಲ. ಕೆಲಸ ಕಳೆದುಕೊಂಡ ಕಾವಲುಗಾರರಲ್ಲಿ ಒಂದಿನ್ನೂರು ಜನ ಅವನ ಜೊತೆ ಇದ್ದಾರೆ, ಹೊಸ ಸರ್ಕಾರವೇ ಅವರನ್ನು ಗುತ್ತಿಗೆಗೆ ಮರಳಿ ಕರೆದಿದೆ, ಬೀಗ ಕಾಯುವುದಕ್ಕೆ. ಅವಳನ್ನು ಹಿಡಿಯುವ ವಾರಂಟ್ ಅವನ ಜೇಬಿನಲ್ಲಿದೆ. 800ರ ಲೆಕ್ಕಕ್ಕೆ 600 ಕಡಿಮೆ ಇದ್ದಾರೆ. ಆದ್ದರಿಂದ ಅವನು ಇಡೀ ವಸಾಹತನ್ನು ಹಿಡಿಯಲಾರ, ಒಂದೆರಡು ಬ್ಲಾಕ್ ಹಿಡಿದು ಉಳಿದವರನ್ನು ಹೆದರಿಸಬೇಕು. ಯಾವ ಬ್ಲಾಕ್ ಎಂದು ಅವನು ಆರಿಸುವುದೇ ನಿಮ್ಮ ಎರಡನೇ ಅಂಕ.


ಕೆಂಪುಧೂಳು:

ಆ ಆಯ್ಕೆಯನ್ನು ಸೂರ್ಯ ಅಡ್ಡ ಬರುವ ಎರಡು ವಾರದೊಳಗೆ ಇಡಿ. ಐದನೇ ಬಾಗಿಲಿನ ಹಡಗು ಬರಬೇಕಿದ್ದ ತಿಂಗಳಿಂದ ಎಣಿಸಿದರೆ ಎಂಟೊಂಬತ್ತು ತಿಂಗಳಿಗೆ ಆ ಮೌನ ಬರುತ್ತದೆ, ಬಿಡಿಭಾಗ ಸವೆಯುವುದಕ್ಕೂ ಅಷ್ಟು ಸಮಯ ಸಾಕು.